ಕಡೇ ಪಂಕ್ತಿಯ ತಟ್ಟೆ

ಹಸಿ ಅಕ್ಕಿ ತಿನ್ನುವ ಹುಡುಗಿಯರಿಗೆ ನಮ್ಮ ಕಡೆ ಹೇಳುವ ಮಾತೊಂದಿದೆ: "ಅಕ್ಕಿ ತಿನ್ಬೇಡ ಕಣೇ, ನಿನ್ನ ಮದುವೇಲಿ ಮಳೆ ಬರುತ್ತೆ." ಅಕ್ಕಿ ಆರಿಸಲು ಕೂತ ಹುಡುಗಿ ಮೊರದಿಂದ ಮೊದಲು ಒಂದೊಂದೇ ಕಾಳು, ಆಮೇಲೆ ಚಿಟಿಕೆ, ಕೊನೆಗೆ ಹಿಡಿಹಿಡಿಯೇ ಮುಕ್ಕುವುದನ್ನು ಕಂಡ ಹಿರಿಯರು ಈ ಮಾತು ಹೇಳದೆ ಬಿಡುವುದಿಲ್ಲ. ಅಕ್ಕಿಯೊಂದೇ ಅಲ್ಲ. ಶಾಲೆಯಲ್ಲಿ ಬಳಪ ಕಡಿಯುವ ಮಕ್ಕಳಿದ್ದರು. ಗೋಡೆಯ ಸುಣ್ಣ ಕೆರೆದು ನೆಕ್ಕುವವರಿದ್ದರು. ಮೊದಲ ಮಳೆಗೆ ನೆಲದ ವಾಸನೆ ಎದ್ದರೆ ತಡೆಯಲಾರದೆ, ಯಾರೂ ನೋಡದಾಗ ಒಂದು ಚೂರು ಕೆಮ್ಮಣ್ಣು ಬಾಯಿಗಿಟ್ಟುಕೊಳ್ಳುವ ಬಸುರಿಯರಿದ್ದರು. ಬಸುರಿಯ ಬಯಕೆ ಎಂದು ಅದನ್ನು ಎಲ್ಲರೂ ಒಪ್ಪಿಕೊಂಡಿದ್ದರು.

ಊಟವಲ್ಲದ್ದನ್ನು ತಿನ್ನಬೇಕೆನಿಸುವ ಈ ಹಂಬಲಕ್ಕೆ ವೈದ್ಯರು ಪೈಕಾ ಎನ್ನುತ್ತಾರೆ. ಮೈಯಲ್ಲಿ ಕಬ್ಬಿಣ ಬರಿದಾಗುತ್ತಾ ಬಂದಾಗ ಕಾಣಿಸಿಕೊಳ್ಳುವ ಲಕ್ಷಣಗಳಲ್ಲಿ ಇದೂ ಒಂದು. ಕೊರತೆ ತುಂಬಿಕೊಟ್ಟರೆ ಎಷ್ಟೋ ಜನರಲ್ಲಿ ಈ ಚಪಲ ತಾನೇ ತಾನಾಗಿ ನಿಂತುಹೋಗುತ್ತದೆ. ಮದುವೆಯ ಮಳೆಗೆ ಹೆದರಿಸಿ ನಾವು ಮಕ್ಕಳ ಕೈಯಿಂದ ಮೊರ ಕಿತ್ತುಕೊಂಡೆವು. ಅವರ ಕಣ್ಣಿನ ಕೆಳರೆಪ್ಪೆಯನ್ನು ಒಮ್ಮೆ ಮೆಲ್ಲಗೆ ಎಳೆದು, ಒಳಗೆ ಕೆಂಪಿದೆಯೋ ಬಿಳಿಚಿದೆಯೋ ಎಂದು ನೋಡಿದ್ದರೆ ಚೆನ್ನಾಗಿತ್ತು.

ದೊಡ್ಡವರೊಬ್ಬರ ಮೈಯಲ್ಲಿ ಇರುವ ಕಬ್ಬಿಣವೆಲ್ಲ ಸೇರಿದರೂ ಮೂರು ನಾಲ್ಕು ಗ್ರಾಂ, ತೂಗಿದರೆ ಅರ್ಧ ಚಮಚ ಉಪ್ಪಿನಷ್ಟು. ಅದರ ಮುಕ್ಕಾಲಿಗೆ ಹತ್ತಿರದ ಪಾಲು ರಕ್ತದ ಹಿಮೋಗ್ಲೋಬಿನ್‌ನಲ್ಲಿದೆ. ನಾವು ಎಳೆದುಕೊಂಡ ಉಸಿರಿನಿಂದ ಆಮ್ಲಜನಕವನ್ನು ಹಿಡಿದು ಕಾಲಿನ ಹೆಬ್ಬೆರಳ ತುದಿಯವರೆಗೆ ಒಯ್ಯುವುದು ಅದೇ. ದೇಹ ಇದನ್ನು ಬಹಳ ಜೋಪಾನವಾಗಿ ಬಳಸುತ್ತದೆ. ಸುಮಾರು 120 ದಿನ ಬದುಕಿ ಸತ್ತ ಕೆಂಪು ರಕ್ತಕಣದ ಕಬ್ಬಿಣವನ್ನು ಆಚೆ ಬಿಸಾಡದೆ ಹೊಸ ಕಣಕ್ಕೆ ಕೊಡುತ್ತದೆ. ಹಾಗಾಗಿ ಗಂಡಸಿನ ಮೈಯಿಂದ ದಿನಕ್ಕೆ ನಷ್ಟವಾಗುವುದು ಒಂದು ಮಿಲಿಗ್ರಾಂನಷ್ಟೇ. ಹೆಂಗಸಿಗೆ ತಿಂಗಳು ತಿಂಗಳೂ ಮುಟ್ಟಿನಲ್ಲಿ ಹೋಗುವುದು ಬೇರೆ ಇದೆ. ಬಸಿರು, ಹೆರಿಗೆ ಎಂದರೆ ಇನ್ನೂ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ; ನಮ್ಮ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48. ಅಂದರೆ ಬಸ್ಸಿನಲ್ಲಿ ನಮ್ಮ ಪಕ್ಕ ಕೂತ ಇಬ್ಬರು ಹೆಂಗಸರಲ್ಲಿ ಒಬ್ಬರಿಗೆ. ಇದೆಲ್ಲವೂ ಕಬ್ಬಿಣದ ಕೊರತೆಯೇ ಅಲ್ಲ, ಬೇರೆ ಕಾರಣಗಳೂ ಇವೆ. ಆದರೆ ದೊಡ್ಡ ಪಾಲು ಅದರದ್ದೇ. ಇದು ಸಸ್ಯಾಹಾರಿಗಳ ಮನೆಯ ಕಾಯಿಲೆ ಮಾತ್ರ ಎಂದೂ ತಿಳಿಯಬಾರದು. ಹಬ್ಬಕ್ಕೋ ವಾರಕ್ಕೋ ಒಮ್ಮೆ ಮಾಂಸ ಮಾಡುವ ಮನೆಗಳಲ್ಲೂ ದಿನನಿತ್ಯದ ಕಬ್ಬಿಣ ಬರುವುದು ಧಾನ್ಯ, ಕಾಳು, ಸೊಪ್ಪುಗಳಿಂದಲೇ.

ನಮ್ಮದು ತಿಪಟೂರು ಸೀಮೆಯ ಮನೆ. ಮಾಂಸ ಮೊಟ್ಟೆ ಇಲ್ಲ. ರಾಗಿ, ಹುರುಳಿ, ಅವರೆ, ಅಲಸಂದೆ, ತೆಂಗು, ಹೊಲದ ಬದುವಿನ ಸೊಪ್ಪು ತಿಂದು ಬೆಳೆದವರು. ಅದರಿಂದಲೋ ಏನೋ, ಯಾರಿಗಾದರೂ "ರಕ್ತ ಕಮ್ಮಿ" ಎಂದು ಡಾಕ್ಟರು ಹೇಳಿದ ಕೂಡಲೇ ಎಲ್ಲರೂ ಬೀಟ್‌ರೂಟು, ದಾಳಿಂಬೆ ಹಿಡಿದುಕೊಂಡು ಬರುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಕೆಂಪಗಿದೆ, ಹಿಂಡಿದರೆ ರಕ್ತದ ಬಣ್ಣದ ರಸ ಬರುತ್ತದೆ ಎಂಬುದಷ್ಟೇ ಆ ನಂಬಿಕೆಗೆ ಆಧಾರ. ನೂರು ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ, ದಾಳಿಂಬೆಯಲ್ಲಿ ಅದಕ್ಕಿಂತಲೂ ಕಡಿಮೆ. ಅದೇ ನೂರು ಗ್ರಾಂ ಹುರುಳಿಯಲ್ಲಿ ಸುಮಾರು 8.8 ಮಿಲಿಗ್ರಾಂ ಇದೆ. ರಾಗಿಯಲ್ಲಿ 4.6, ದಂಟಿನ ಸೊಪ್ಪಿನಲ್ಲೂ ನುಗ್ಗೆ ಸೊಪ್ಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಎಲ್ಲರೂ ಹೊಗಳುವ ಪಾಲಕ್‌ನಲ್ಲಿ 3ರ ಹತ್ತಿರ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 0.65. ಮುದ್ದೆಯ ಜಾಗಕ್ಕೆ ಅನ್ನ ಬಂದು ಕೂತಾಗ ತಟ್ಟೆಯ ಕಬ್ಬಿಣ ಏಳರಲ್ಲಿ ಒಂದು ಪಾಲಿಗೆ ಇಳಿಯಿತು. ಬಡವರ ಕಾಳು, ದನದ ಮೇವು ಎಂದು ಪೇಟೆಯವರು ದೂರವಿಟ್ಟ ಹುರುಳಿಗೆ ದಾಳಿಂಬೆಗಿಂತ ಎಷ್ಟೋ ಪಾಲು ಹೆಚ್ಚು ಯೋಗ್ಯತೆ ಇದೆ. ಬೆಲೆ ಮಾತ್ರ ದಾಳಿಂಬೆಗಿಂತ ಎಷ್ಟೋ ಕಡಿಮೆ.

ಆದರೆ ತಟ್ಟೆಯಲ್ಲಿ ಇದ್ದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ, ತೊಡಕು ಇರುವುದೇ ಇಲ್ಲಿ. ಮಾಂಸದಲ್ಲಿರುವ ಕಬ್ಬಿಣದ ಒಂದು ಭಾಗ ಹೀಮ್ ಎಂಬ ರೂಪದಲ್ಲಿ ಇರುವುದರಿಂದ ಕರುಳು ಅದನ್ನು ಸಲೀಸಾಗಿ ಹೀರಿಕೊಳ್ಳುತ್ತದೆ. ಗಿಡಮರಗಳಿಂದ ಬಂದದ್ದು ಹಾಗಲ್ಲ. ಕಾಳಿನ ಹೊಟ್ಟಿನಲ್ಲಿರುವ ಫೈಟಿಕ್ ಆಮ್ಲ, ರಾಗಿಯ ಕೆಂಗಂದು ಸಿಪ್ಪೆಯಲ್ಲಿರುವ ಟ್ಯಾನಿನ್, ಇವೆಲ್ಲ ಅದನ್ನು ಹಿಡಿದಿಟ್ಟುಕೊಂಡು ಹಾಗೇ ಹೊರಗೆ ಸಾಗಿಸಿಬಿಡುತ್ತವೆ. ನಮ್ಮ ಊಟದ ಕಬ್ಬಿಣದಲ್ಲಿ ನೂರಕ್ಕೆ ಎಂಟು ಪಾಲು ಮೈಗೆ ಹತ್ತಿದರೆ ಹೆಚ್ಚು ಎಂದು ಲೆಕ್ಕ ಹಾಕಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದಿನಕ್ಕೆ ಎಷ್ಟು ಬೇಕು ಎಂಬ ಪ್ರಮಾಣವನ್ನು ಹೇಳಿರುವುದು. ಹಾಗಾದರೆ ಸಸ್ಯಾಹಾರ ಬಿಡಬೇಕೇ? ಬೇಕಿಲ್ಲ. ಏನು ತಿಂದೆವು ಎಂಬುದರ ಜೊತೆಗೆ, ಯಾವುದರ ಜೊತೆ ತಿಂದೆವು, ತಿಂದ ಮೇಲೆ ಏನು ಕುಡಿದೆವು, ಯಾವ ಪಾತ್ರೆಯಲ್ಲಿ ಮಾಡಿದೆವು ಎಂದೂ ನೋಡಬೇಕು. ಕಬ್ಬಿಣ ಕಡಿಮೆಯಾದಾಗ ಕರುಳು ತಾನಾಗಿ ಹೆಚ್ಚು ಹೀರಿಕೊಳ್ಳಲು ಸಿದ್ಧವಾಗುತ್ತದೆ. ಅದಕ್ಕೆ ನಾವು ಅಡ್ಡ ಬರಬಾರದು ಅಷ್ಟೆ.

ಮೊದಲು ಮೊಳಕೆಯ ಮಾತು. ರಾತ್ರಿ ಹುರುಳಿಯನ್ನು ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಪಂಚೆಯ ತುಂಡಿನಲ್ಲಿ ಬಿಗಿಯಾಗಿ ಗಂಟು ಕಟ್ಟಿ, ಜರಡಿ ಪಾತ್ರೆಯಲ್ಲಿಟ್ಟು ಮೇಲೊಂದು ಕಲ್ಲು ಹೇರುವುದು ನಮ್ಮವ್ವನ ಕ್ರಮ. ಬೇಸಗೆಯಾದರೆ ಮರುದಿನಕ್ಕೆ, ಚಳಿಗಾಲವಾದರೆ ಇನ್ನೊಂದು ದಿನ ತಡೆದು ಗಂಟು ಬಿಚ್ಚಿದರೆ ಬಟ್ಟೆಯ ನೇಯ್ಗೆಯನ್ನೇ ತೂರಿಕೊಂಡು ಬಿಳಿ ಮೊಳಕೆಗಳು ಹೊರಗೆ ಇಣುಕುತ್ತಿರುತ್ತಿದ್ದವು. ಕಾಳು ಬೆಚ್ಚಗೆ, ಸ್ವಲ್ಪ ಹಸಿ ಹಸಿ ವಾಸನೆ. ಆ ಒಂದೆರಡು ದಿನದಲ್ಲಿ ಕಾಳಿನೊಳಗಿನ ಕಿಣ್ವಗಳು ಎಚ್ಚೆತ್ತು ಫೈಟಿಕ್ ಆಮ್ಲವನ್ನು ಒಡೆಯುತ್ತವೆ, ಒಣ ಕಾಳಿನಲ್ಲಿ ಇಲ್ಲದ ವಿಟಮಿನ್ ಸಿ ಕೂಡ ಹುಟ್ಟಿಕೊಳ್ಳುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿ ಮಗುವಿಗೆ ಸರಿ ಮಾಡುವುದರ ಗುಣವೂ ಇದೇ. ಇಡ್ಲಿ, ದೋಸೆಯ ಹಿಟ್ಟು ರಾತ್ರಿಯಿಡೀ ಹುಳಿ ಬರುವುದರಲ್ಲೂ, ರಾಗಿ ಅಂಬಲಿ ಹುದುಗುವುದರಲ್ಲೂ ಇಂಥದೇ ಕೆಲಸ ನಡೆದಿರುತ್ತದೆ. ದಿಢೀರ್ ದೋಸೆಯ ಪುಡಿಗೆ ಸೋಡಾ ಹಾಕಿ ಹುಯ್ದರೆ ತೂತು ಬೀಳುತ್ತದೆಯೇ ಹೊರತು ಈ ಕೆಲಸ ನಡೆಯುವುದಿಲ್ಲ.

ಮೊಳಕೆ ಹುರುಳಿಗೆ ದಂಟಿನ ಸೊಪ್ಪು ಸೇರಿಸಿ ಬಸ್ಸಾರು ಮಾಡಿದಾಗ ಅದರ ಕಟ್ಟು ಒಂದು ಹನಿಯೂ ಚೆಲ್ಲುವುದಿಲ್ಲ. ಬೆಂದ ನೀರಿಗೆ ಕಾಯಿ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ ಅರೆದು ಹಾಕಿದರೆ ಸಾರು. ಬಸಿದುಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಆ ಈರುಳ್ಳಿ ಬೆಳ್ಳುಳ್ಳಿ ಬರೀ ರುಚಿಗಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಧಾನ್ಯ ಮತ್ತು ಕಾಳುಗಳಿಗೆ ಈರುಳ್ಳಿ, ಬೆಳ್ಳುಳ್ಳಿ ಸೇರಿಸಿ, ಪ್ರಯೋಗಾಲಯದಲ್ಲಿ ಜೀರ್ಣಕ್ರಿಯೆಯನ್ನು ಹೋಲುವ ಪರೀಕ್ಷೆಗಳನ್ನು ನಡೆಸಿ, ಅವು ಜೊತೆಗಿದ್ದಾಗ ಕಬ್ಬಿಣ ಹೆಚ್ಚು ಬಿಡುಗಡೆಯಾಗುತ್ತದೆ ಎಂದು 2010ರಲ್ಲಿ ಪ್ರಕಟಿಸಿದರು. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಮನೆಯವರು ಚಿಂತಿಸಬೇಕಿಲ್ಲ. ಅವರಿಗೆ ಕೋಸಂಬರಿ ಇದೆ: ನೆನೆದ ಹೆಸರುಬೇಳೆ, ಸೌತೆಕಾಯಿ, ಮಾವಿನಕಾಯಿಯ ತುರಿ, ಮೇಲೆ ನಿಂಬೆರಸ. ಬೇಳೆಯ ಕಬ್ಬಿಣ ಮೈಗೆ ಹತ್ತಲು ಬೇಕಾದ ಹುಳಿ ಅದರಲ್ಲೇ ಇದೆ, ಒಲೆಯ ಹಂಗೂ ಇಲ್ಲ.

ಈ ನಿಂಬೆಯ ಮಾತನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ವಿಟಮಿನ್ ಸಿ ಗಿಡದ ಕಬ್ಬಿಣವನ್ನು ಕರುಳು ಹೀರುವ ರೂಪಕ್ಕೆ ತರುತ್ತದೆ, ಫೈಟಿಕ್ ಆಮ್ಲದ ಹಿಡಿತವನ್ನು ಸಡಿಲಿಸುತ್ತದೆ. ಆದರೆ ಅದಕ್ಕೆ ಬೆಂಕಿ ಆಗದು. ಸಾರು ಕುದಿಯುವಾಗ ಹಿಂಡಿದ ನಿಂಬೆಯಲ್ಲಿ ಹುಳಿ ಉಳಿಯುತ್ತದೆ, ವಿಟಮಿನ್ ಬಹುಪಾಲು ಹೋಗುತ್ತದೆ. ಇಳಿಸಿದ ಮೇಲೆ ಹಿಂಡಬೇಕು. ಇನ್ನೂ ಒಳ್ಳೆಯದೆಂದರೆ ತಟ್ಟೆಯ ಪಕ್ಕಕ್ಕೆ ಒಂದು ಹೋಳು ಇಟ್ಟುಕೊಂಡು ಪಲ್ಯದ ಮೇಲೆ ಹಿಂಡಿಕೊಳ್ಳುವುದು. ನೆಲ್ಲಿಕಾಯಿ ಸಿಕ್ಕುವ ಕಾಲದಲ್ಲಿ ಅದಕ್ಕೆ ಸಾಟಿಯೇ ಇಲ್ಲ. ಹಸಿಯಾಗಿ ಮೊಸರಿನ ಜೊತೆ ಅರೆದ ತಂಬುಳಿ ಸಾಕು. ಸೀಬೆಹಣ್ಣು ಇನ್ನೊಂದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹದಿಹರೆಯದ ಮಕ್ಕಳಿಗೆ ಅನ್ನದ ಊಟದ ಜೊತೆ ಸೀಬೆಹಣ್ಣು ಕೊಟ್ಟು ನೋಡಿದಾಗ ಅದೇ ಊಟದಿಂದ ಮೈಗೆ ಸೇರಿದ ಕಬ್ಬಿಣ ಇಮ್ಮಡಿಯಾಯಿತು. ಹಣ್ಣನ್ನು ಸಂಜೆಗೆಂದು ಎತ್ತಿಡದೆ ಊಟದ ಜೊತೆಗೇ ಕತ್ತರಿಸಿ ಬಡಿಸಿ ಎನ್ನುವುದು ಇದಕ್ಕಾಗಿ.

ಇನ್ನು ಕಾಫಿ. ನಮ್ಮಲ್ಲಿ ತಿಂಡಿ-ಕಾಫಿ ಜೋಡಿಪದವೇ ಆಗಿಹೋಗಿದೆ. ತಟ್ಟೆ ಎತ್ತುವ ಮೊದಲೇ ಲೋಟ ಬರಬೇಕು. ಕಾಫಿ ಟೀ ಎರಡರಲ್ಲೂ ಇರುವ ಪಾಲಿಫಿನಾಲ್‌ಗಳು ಊಟದ ಕಬ್ಬಿಣವನ್ನು ಕಟ್ಟಿಹಾಕುತ್ತವೆ, ಅದರಲ್ಲೂ ಟೀ ಕಾಫಿಗಿಂತ ಒಂದು ಕೈ ಮೇಲು. ಊಟವಾಗಿ ಒಂದು ಗಂಟೆಯ ನಂತರ ಕುಡಿದ ಕಾಫಿಯೂ ಊಟದ ಜೊತೆ ಕುಡಿದಷ್ಟೇ ಅಡ್ಡಿ ಮಾಡುತ್ತದೆ, ಒಂದು ಗಂಟೆ ಮೊದಲು ಕುಡಿದದ್ದು ಮಾಡುವುದಿಲ್ಲ ಎಂದು 1983ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನನ್ನಂಥ ಕಾಫಿಪ್ರಿಯರಿಗೆ ಇದರಲ್ಲೊಂದು ಸಮಾಧಾನವಿದೆ. ಬೆಳಿಗ್ಗೆ ಎದ್ದು, ಬಾಗಿಲಿಗೆ ನೀರು ಹಾಕಿ, ಪೇಪರ್ ಬಿಚ್ಚಿ ಕುಡಿಯುವ ಮೊದಲ ಕಾಫಿಯನ್ನು ಯಾರೂ ಬಿಡಬೇಕಿಲ್ಲ. ತಿಂಡಿಯ ಬೆನ್ನಿಗೇ ಬರುವ ಎರಡನೆಯದನ್ನು ಹನ್ನೊಂದು ಗಂಟೆಗೆ ದೂಡಬೇಕು. ಊಟಕ್ಕೂ ಅದಕ್ಕೂ ಎರಡೆರಡು ಗಂಟೆ ಬಿಡುವಿದ್ದರೆ ಆಯಿತು.

ಪಾತ್ರೆಯ ವಿಚಾರವನ್ನೂ ಹೇಳಲೇಬೇಕು. ಹಿಂದಿನ ಅಡುಗೆಮನೆಯಲ್ಲಿ ದೋಸೆಯ ಕಾವಲಿ, ರೊಟ್ಟಿಯ ಹೆಂಚು, ಪಲ್ಯದ ಬಾಣಲೆ, ಒಗ್ಗರಣೆ ಸೌಟು ಎಲ್ಲ ಕಬ್ಬಿಣದವು. ಸಂತೆಯಲ್ಲಿ ಕಮ್ಮಾರರು ಸಾಲಾಗಿ ಜೋಡಿಸಿಟ್ಟಿರುತ್ತಿದ್ದರು; ಬೆರಳಿನಿಂದ ತಟ್ಟಿ ಸದ್ದು ಕೇಳಿ ಕೊಳ್ಳುವುದು. ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದಾಗ, ಅದರಲ್ಲೂ ಟೊಮೆಟೊ, ಹುಣಸೆಯಂಥ ಹುಳಿ ಬಿದ್ದಾಗ, ಪಾತ್ರೆಯ ಕಬ್ಬಿಣ ಅಡುಗೆಗೆ ಇಳಿಯುತ್ತದೆ. ಇಥಿಯೋಪಿಯಾದಲ್ಲಿ ಮಕ್ಕಳಿರುವ ಮನೆಗಳಿಗೆ ಕಬ್ಬಿಣದ ಮಡಕೆ ಕೊಟ್ಟು ನೋಡಿದಾಗ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಅಡುಗೆ ಮಾಡಿದ ಮನೆಯ ಮಕ್ಕಳಿಗಿಂತ ಅವರಲ್ಲಿ ರಕ್ತಹೀನತೆ ಕಡಿಮೆಯಾದುದು 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿಯಾಗಿದೆ. ನಾನ್‌ಸ್ಟಿಕ್ ಬಂದ ಮೇಲೆ ನಮ್ಮ ಬಾಣಲೆಗಳು ಅಟ್ಟ ಸೇರಿದವು. ಅವನ್ನು ಇಳಿಸಿ, ತುಕ್ಕು ಉಜ್ಜಿ ತೆಗೆದು, ಎಣ್ಣೆ ಸವರಿ ಒಲೆಯ ಮೇಲೆ ಹದವಾಗಿ ಕಾಯಿಸಿ, ನಾಲ್ಕಾರು ಸಲ ಈರುಳ್ಳಿ ಹುರಿದು ತೆಗೆದರೆ ಮತ್ತೆ ಪಳಗುತ್ತವೆ. ತೊಳೆದ ಕೂಡಲೇ ಒರೆಸಿ ಎಣ್ಣೆ ಮುಟ್ಟಿಸಿಡಬೇಕು. ಹುಳಿ ಹಾಕಿದ್ದನ್ನು ಅದರಲ್ಲೇ ಬಿಡದೆ ಬೇರೆ ಪಾತ್ರೆಗೆ ಬಗ್ಗಿಸಬೇಕು. ಪಲ್ಯ ಸ್ವಲ್ಪ ಕಪ್ಪಾದರೆ ಮೂಗು ಮುರಿಯಬಾರದು.

ಇಷ್ಟೆಲ್ಲ ಗೊತ್ತಿರುವ, ಗೊತ್ತಿಲ್ಲದೆಯೂ ಮಾಡಿಕೊಂಡು ಬಂದಿರುವ ಮನೆಗಳಲ್ಲೇ ರಕ್ತಹೀನತೆ ಯಾಕಿದೆ? ಇದಕ್ಕೆ ಉತ್ತರ ನನಗೆ ನಮ್ಮ ಅತ್ತಿಗೆಯಿಂದ ತಿಳಿಯಿತು.

ಅತ್ತಿಗೆಯ ಕೈಯ ಬೆರಕೆ ಸೊಪ್ಪಿನ ಸಾರು ನಮ್ಮ ನೆಂಟರಲ್ಲೆಲ್ಲ ಹೆಸರಾದದ್ದು. ಮಳೆಗಾಲದಲ್ಲಿ ಹೊಲಕ್ಕೆ ಹೋದರೆ ಮಡಿಲು ತುಂಬ ಅಣ್ಣೆ, ಗೋಣಿ, ಹೊನಗೊನ್ನೆ, ಕೀರೆ ಎಲ್ಲ ಕಿತ್ತು ತರುತ್ತಾರೆ. ಒಂದು ವರ್ಷ ಹಬ್ಬಕ್ಕೆ ಹೋದಾಗ ಬಾವಿಯ ಕಟ್ಟೆಯಿಂದ ಅಡುಗೆಮನೆಗೆ ಕೊಡ ತರುವಷ್ಟರಲ್ಲಿ ಅವರಿಗೆ ಏದುಸಿರು ಬರುತ್ತಿತ್ತು. ಕೈ ಹಿಡಿದು ನೋಡಿದರೆ ಅಂಗೈ ಸುಣ್ಣದ ಹಾಗೆ ಬಿಳಿಚಿತ್ತು, ಉಗುರುಗಳು ನಡುವೆ ತಗ್ಗಾಗಿ ಅಂಚು ಮೇಲೆದ್ದಿದ್ದವು. ಪೇಟೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಇರಬೇಕು. ಅವರಿಗಿದ್ದದ್ದು ಎಂಟು ಚಿಲ್ಲರೆ.

"ನೀವು ಸೊಪ್ಪು ತಿನ್ನಲ್ವಾ ಅತ್ತಿಗೆ?" ಎಂದೆ.

"ತಿಂತೀನಪ್ಪ, ಉಳಿದ್ರೆ ತಿಂತೀನಿ" ಎಂದರು.

ಆ ಮಧ್ಯಾಹ್ನ ನಾನು ಅಡುಗೆಮನೆಯಲ್ಲೇ ಕೂತೆ. ಮೊದಲ ಪಂಕ್ತಿಗೆ ಗಂಡಸರು, ಮಕ್ಕಳು. ಎರಡನೆಯದಕ್ಕೆ ಬಂದ ನೆಂಟರು, ಆಳುಗಳು. ಪಲ್ಯ ಎರಡನೇ ಸಲವೂ ಬಡಿಸಿದರು, ಮೂರನೇ ಸಲವೂ ಬಡಿಸಿದರು. ಮೂರು ಗಂಟೆಯ ಮೇಲೆ ಅವರು ಕೂತಾಗ ಬಾಣಲೆಯಲ್ಲಿ ಉಳಿದದ್ದು ಒಗ್ಗರಣೆಯ ಸಾಸಿವೆ. ತಳದ ಸಾರನ್ನು ಅನ್ನಕ್ಕೆ ಕಲಸಿಕೊಂಡರು, ಮೇಲೆ ಮಜ್ಜಿಗೆ. ಎದ್ದು ಕೈ ತೊಳೆದವರೇ ಕಾಫಿಗೆ ನೀರಿಟ್ಟರು, ಹಬ್ಬಕ್ಕೆ ಬಂದವರೆಲ್ಲ ನಿದ್ದೆಯಿಂದ ಏಳುವ ಹೊತ್ತಾಗಿತ್ತು. ಅವರೂ ಒಂದು ಲೋಟ ಕುಡಿದರು. ಮುಟ್ಟಿನಲ್ಲಿ ವರ್ಷಗಳಿಂದ ರಕ್ತ ವಿಪರೀತ ಹೋಗುತ್ತಿತ್ತೆಂಬುದನ್ನು ಅವರು ಮನೆಯಲ್ಲಿ ಒಬ್ಬರಿಗೂ ಹೇಳಿರಲಿಲ್ಲ. "ಎಲ್ಲ ಹೆಂಗಸರಿಗೂ ಇದ್ದದ್ದೇ ಅಲ್ವ" ಎಂದುಕೊಂಡಿದ್ದರು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಮಾಣದಂತೆ ದಿನಕ್ಕೆ ಗಂಡಸಿಗೆ ಬೇಕಾದ ಕಬ್ಬಿಣ 19 ಮಿಲಿಗ್ರಾಂ, ಹೆಂಗಸಿಗೆ 29. ಅಂದರೆ ಒಂದೂವರೆ ಪಾಲು. ಪಲ್ಯದ ಮೊದಲ ಸೌಟು ಬೀಳಬೇಕಾದದ್ದು ಆಕೆಯ ತಟ್ಟೆಗೆ. ನಮ್ಮ ಮನೆಗಳ ಪದ್ಧತಿ ಇದನ್ನು ತಿರುವುಮುರುವು ಮಾಡಿ ಕೂರಿಸಿದೆ. ಸಸ್ಯಾಹಾರದಲ್ಲಿ ಕಬ್ಬಿಣವಿಲ್ಲ ಎಂದು ದೂರುವ ಮೊದಲು, ಇದ್ದ ಕಬ್ಬಿಣ ಯಾರ ತಟ್ಟೆಗೆ ಹೋಯಿತು ಎಂದು ಕೇಳಿಕೊಳ್ಳಬೇಕು. ಎಷ್ಟು ಹುರುಳಿ ಮೊಳಕೆ ಕಟ್ಟಿದರೂ, ಎಷ್ಟು ನಿಂಬೆ ಹಿಂಡಿದರೂ, ಅದನ್ನು ಮಾಡಿದವಳ ಬಾಯಿಗೆ ಅದು ಬೀಳದಿದ್ದರೆ ಪ್ರಯೋಜನವಿಲ್ಲ.

ಕೊರತೆ ಇಷ್ಟು ಆಳಕ್ಕಿಳಿದ ಮೇಲೆ ಊಟವೊಂದೇ ಸಾಲದು ಎಂಬುದನ್ನೂ ಒತ್ತಿ ಹೇಳುತ್ತೇನೆ. ಗರ್ಭಿಣಿಯರಿಗೆ ಸರ್ಕಾರ ಕೊಡುವ ಒಂದು ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಅಷ್ಟನ್ನು ರಾಗಿಯಿಂದಲೇ ಪಡೆಯಬೇಕೆಂದರೆ ದಿನಕ್ಕೆ ಒಂದೇಕಾಲು ಕಿಲೋಗೂ ಹೆಚ್ಚು ತಿನ್ನಬೇಕು. ಹಾಗಾಗಿ ಮಾತ್ರೆ ಬೇಡ, ಬೆಲ್ಲ ತಿಂದು ಸರಿಮಾಡಿಕೊಳ್ಳುತ್ತೇನೆ ಎಂಬ ಹಟ ಸಲ್ಲದು. ಮಾತ್ರೆ ತಗೊಂಡರೆ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹೊಟ್ಟೆ ತೊಳೆಸಿದರೆ, ಮಲಬದ್ಧತೆಯಾದರೆ ಮಾತ್ರೆ ಬಿಸಾಡದೆ ಡಾಕ್ಟರಿಗೆ ಹೇಳಬೇಕು. ಬೇರೆ ಬಗೆಯದು, ದಿನ ಬಿಟ್ಟು ದಿನದ್ದು ಕೊಡುತ್ತಾರೆ. ನಿಂಬೆ ಪಾನಕದ ಜೊತೆ ನುಂಗಬಹುದು. ಹಾಲು, ಕಾಫಿ, ಕ್ಯಾಲ್ಸಿಯಂ ಮಾತ್ರೆಯ ಜೊತೆ ಬೇಡ. ಹಿಮೋಗ್ಲೋಬಿನ್ ಏರಿತೆಂದು ನಿಲ್ಲಿಸಲೂ ಬಾರದು, ಬರಿದಾದ ದಾಸ್ತಾನು ತುಂಬಲು ಇನ್ನೂ ಮೂರು ತಿಂಗಳಾದರೂ ಬೇಕು. ಸಸ್ಯಾಹಾರಿಗಳಿಗೆ ವಿಟಮಿನ್ ಬಿ12 ಕೊರತೆಯಿಂದಲೂ ರಕ್ತಹೀನತೆ ಬರುತ್ತದೆ, ಅದು ಕಬ್ಬಿಣದ ಮಾತ್ರೆಗೆ ಬಗ್ಗುವುದಿಲ್ಲ. ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣ ಕಡಿಮೆಯಾದರೆ ಹೊಟ್ಟೆಯಲ್ಲೋ ಕರುಳಿನಲ್ಲೋ ರಕ್ತ ಸೋರುತ್ತಿರಬಹುದು. ಆದ್ದರಿಂದ ತಾವಾಗಿ ಮಾತ್ರೆ ನುಂಗುವುದಕ್ಕಿಂತ ಪರೀಕ್ಷೆ ಮೊದಲಾಗಬೇಕು. ಹಿಮೋಗ್ಲೋಬಿನ್ ಇಳಿಯುವ ಮೊದಲೇ ದಾಸ್ತಾನು ಕರಗಿರುತ್ತದೆ. ಅದನ್ನು ತಿಳಿಯಲು ಫೆರಿಟಿನ್ ಪರೀಕ್ಷೆ ಇದೆ.

ಅತ್ತಿಗೆಯ ಮುಟ್ಟಿನ ತೊಂದರೆಗೆ ಚಿಕಿತ್ಸೆಯಾಯಿತು, ಮಾತ್ರೆ ನಡೆಯಿತು, ಹಿಮೋಗ್ಲೋಬಿನ್ 12ರ ಮೇಲೆ ಬಂತು. ಈಗ ಅವರ ಮನೆಯಲ್ಲಿ ಪಾತ್ರೆಗಳನ್ನೆಲ್ಲ ನಡುವೆ ಇಟ್ಟುಕೊಂಡು ಎಲ್ಲರೂ ಒಟ್ಟಿಗೆ ಕೂತು ಬಡಿಸಿಕೊಂಡು ಉಣ್ಣುತ್ತಾರೆ. ಅಣ್ಣನಿಗೆ ಮೊದಮೊದಲು ಕಷ್ಟವಾಯಿತು, ಆಮೇಲೆ ಒಗ್ಗಿತು.

ಇದನ್ನು ಓದುತ್ತಿರುವವರಲ್ಲಿ ನನ್ನದೊಂದು ಬಿನ್ನಹ. ಈ ವಾರ ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು ಎಂದು ನೋಡಿ, ಅವರನ್ನು ಜೊತೆಗೆ ಕೂರಿಸಿಕೊಳ್ಳಿ. ಸೊಪ್ಪು ಕಾಳಿನ ಪಲ್ಯವನ್ನು ಅವರಿಗೆ ಮೊದಲು ಬಡಿಸಿ, ಒಂದು ಹೋಳು ನಿಂಬೆ ಕೊಡಿ, ಕಾಫಿಯನ್ನು ಮುಂದಕ್ಕೆ ಹಾಕಿ. ಸುಸ್ತು ಎಂದರೆ ವಯಸ್ಸಾಯಿತು ಎನ್ನದೆ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳ ತುದಿಯ ಒಂದು ಹನಿ ರಕ್ತ ತೆಗೆದು ಹಿಮೋಗ್ಲೋಬಿನ್ ನೋಡಿ ಹೇಳುತ್ತಾರೆ.